ದಕ್ಷಿಣ ಟೆಕ್ಸಸ್‌ನ ಮುಳ್ಳುಕಾಡಿನಲ್ಲಿ ಬಿಲ್ಲುಬೇಟೆ: ಹಂದಿ ಮತ್ತು ಹ್ಯಾವಲೀನಕ್ಕಾಗಿ ತಂಡವಾಗಿ ಹೊರಡುವವರಿಗೆ

ಸ್ಯಾನ್ ಆಂಟೋನಿಯೊ ನಗರವನ್ನು ಹಿಂದೆ ಬಿಟ್ಟು ಐ-35 ಹೆದ್ದಾರಿಯಲ್ಲಿ ಲರೇಡೊ ಕಡೆಗೆ ಸಾಗಿದಂತೆ ಹಸಿರು ತೆಳುವಾಗಿ, ನೆಲ ಬಿಳಿಚಿಕೊಂಡು, ರಸ್ತೆಯ ಎರಡೂ ಬದಿಗೆ ಆಳೆತ್ತರದ ಮುಳ್ಳುಕಾಡು ಮುತ್ತಿಕೊಳ್ಳುತ್ತದೆ. ಚಿತ್ರದುರ್ಗ, ಬಳ್ಳಾರಿಯ ಕಡೆಯವರಿಗೆ ಈ ನೆಲ ತೀರ ಅಪರಿಚಿತ ಎನಿಸದು. ಇಲ್ಲಿನ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು, ವಿಸಾಚ್ ಎಂದು ಇಲ್ಲಿಯವರು ಕರೆಯುವುದು ನಮ್ಮ ಕಸ್ತೂರಿ ಜಾಲಿಯನ್ನೇ, ಪಾಪಾಸುಕಳ್ಳಿಯಂತೂ ಕಣ್ಣು ಹಾಯಿಸಿದಲ್ಲೆಲ್ಲ ಇದೆ. ಕಟುಲಾ, ಕರೀಜೊ ಸ್ಪ್ರಿಂಗ್ಸ್, ಫ್ರೀರ್ ಊರುಗಳ ಸುತ್ತಲಿನ ಈ ಒಣನಾಡಿನಲ್ಲಿ ಕಾಡುಬಿದ್ದ ಹಂದಿಗಳೂ ಹಂದಿಯನ್ನೇ ಹೋಲುವ ಹ್ಯಾವಲೀನವೆಂಬ ಚಿಕ್ಕ ಪ್ರಾಣಿಗಳೂ ಒಂದೇ ಕಳ್ಳಿಮೆಳೆಯಲ್ಲಿ ಬದುಕುತ್ತವೆ.

ಆಸ್ಟಿನ್, ಡಾಲಸ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿ, ಬಿಲ್ಲುಗಾರಿಕೆಯ ಕ್ಲಬ್ಬುಗಳಲ್ಲಿ ಗುರಿ ಪಳಗಿಸಿಕೊಂಡು, ಗೆಳೆಯರೊಡನೆ ಮೊದಲ ಬಾರಿಗೆ ಇಂತಹ ಬೇಟೆಗೆ ಹೊರಡುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಟೆಕ್ಸಸ್‌ಗೆ ಮಾತ್ರ ಅನ್ವಯಿಸುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬೇಟೆ ನಿಷಿದ್ಧ. ಊರಿಗೆ ಹೋದಾಗ ಈ ಹವ್ಯಾಸವನ್ನು ಮುಂದುವರಿಸುವ ಆಲೋಚನೆಯೂ ಬೇಡ. ಬಾಣ ಬಿಡಬಾರದ ಗಳಿಗೆ ಯಾವುದೆಂದು ಎಲ್ಲರಿಗೂ ಮೊದಲೇ ತಿಳಿದಿರುವ ತಂಡದ ಬೇಟೆ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಕೆಳಗಿನ ಸೂಚನೆಗಳಲ್ಲಿ ತಡೆಯುವ ಮಾತೇ ಹೆಚ್ಚಾಗಿ ಕಂಡರೆ ಓದುಗರು ಬೇಸರಿಸಬಾರದು.

ಮೊದಲು ಎರಡು ಪ್ರಾಣಿಗಳನ್ನು ಬೇರೆಬೇರೆಯಾಗಿ ಗುರುತಿಸಿ

ಹ್ಯಾವಲೀನ ನೋಡಲು ಹಂದಿಯಂತಿದ್ದರೂ ಹಂದಿಯ ಕುಟುಂಬಕ್ಕೆ ಸೇರಿದ್ದಲ್ಲ. ಅದು ಅಮೆರಿಕ ಖಂಡಗಳಿಗೇ ಸೇರಿದ ಪೆಕ್ಕರಿ ಎಂಬ ಬೇರೊಂದು ಕುಟುಂಬದ ಪ್ರಾಣಿ. ಟೆಕ್ಸಸ್‌ನಲ್ಲಿ ಬೆಳೆದ ಹ್ಯಾವಲೀನದ ತೂಕ ಸಾಮಾನ್ಯವಾಗಿ 30ರಿಂದ 55 ಪೌಂಡ್, ಅಂದರೆ 14ರಿಂದ 25 ಕಿಲೊ. ಬೂದುಗಪ್ಪು ಬಿರುಗೂದಲಿನ ನಡುವೆ ಹೆಗಲ ಮುಂದೆ ಮಾಸಲು ಬಿಳಿಯ ಪಟ್ಟಿ ಕೊರಳನ್ನು ಬಳಸಿರುತ್ತದೆ, ಬಾಲ ಇಲ್ಲವೆನ್ನುವಷ್ಟು ಚಿಕ್ಕದು, ಕೋರೆಹಲ್ಲುಗಳು ನೇರವಾಗಿ ಮೇಲಕ್ಕೂ ಕೆಳಕ್ಕೂ ನಿಂತಿರುತ್ತವೆ. ಕಾಡುಬಿದ್ದ ಹಂದಿಯ ಪೂರ್ವಿಕರನ್ನು 16ನೆಯ ಶತಮಾನದಲ್ಲಿ ಸ್ಪೇನಿನವರು ಈ ಖಂಡಕ್ಕೆ ತಂದರು. 1930ರ ದಶಕದಲ್ಲಿ ಬೇಟೆಗೆಂದೇ ಟೆಕ್ಸಸ್‌ಗೆ ತರಿಸಿದ ಯುರೋಪಿನ ಕಾಡುಹಂದಿಗಳೂ ಅವುಗಳೊಡನೆ ಬೆರೆತವು. ಇವಕ್ಕೆ ಜೋತಾಡುವ ಬಾಲವಿದೆ, ಕೋರೆಗಳು ಹೊರಕ್ಕೆ ಬಾಗಿ ಮೇಲೇರುತ್ತವೆ, ಬಣ್ಣವಂತೂ ಕಪ್ಪು, ಕೆಂಪು, ಚುಕ್ಕೆ ಹೀಗೆ ಯಾವುದಾದರೂ ಆಗಬಹುದು.

ನಡುಹಗಲಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭ. ಮುಸ್ಸಂಜೆಯ ಮಬ್ಬಿನಲ್ಲಿ, ಕಪ್ಪು ಬಣ್ಣದ ಹಂದಿಮರಿಯೊಂದು ಹುಲ್ಲಿನಲ್ಲಿ ತಲೆ ತಗ್ಗಿಸಿ ನಿಂತಾಗ ಅನುಭವಿಗಳ ಕಣ್ಣಿಗೂ ಹ್ಯಾವಲೀನದಂತೆ ಕಾಣುತ್ತದೆ. ಈ ವ್ಯತ್ಯಾಸ ಕಾನೂನಿನಲ್ಲಿ ಬಹಳ ದೊಡ್ಡದು. ಕಾಡುಬಿದ್ದ ಹಂದಿಯನ್ನು ಟೆಕ್ಸಸ್ ಬೆಳೆ ಹಾಳುಮಾಡುವ ಪಿಡುಗೆಂದು ಕಾಣುತ್ತದೆ. ಅದಕ್ಕೆ ಋತುವಿನ ಕಟ್ಟಾಗಲಿ ಸಂಖ್ಯೆಯ ಮಿತಿಯಾಗಲಿ ಇಲ್ಲ, ಮತ್ತು 2019ರ ಸೆಪ್ಟೆಂಬರ್ 1ರಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಪರವಾನಗಿಯೂ ಬೇಕಿಲ್ಲ. ಹ್ಯಾವಲೀನವಾದರೋ ಸಂರಕ್ಷಿತ ಬೇಟೆಪ್ರಾಣಿ. ಪರವಾನಗಿ ಕಡ್ಡಾಯ, ಒಬ್ಬರಿಗೆ ವರ್ಷಕ್ಕೆ ಎರಡೇ, ಮತ್ತು ಬೇಟೆಯ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಮಾತ್ರ. ದುರ್ಬೀನಿನಲ್ಲಿ ಕೊರಳ ಪಟ್ಟಿಯೋ ಬಾಲವೋ ಸ್ಪಷ್ಟವಾಗಿ ಕಾಣುವವರೆಗೆ ಬಾಣವನ್ನು ಹೆದೆಗೆ ಹೂಡಬಾರದು ಎಂಬ ನಿಯಮವನ್ನು ತಂಡದಲ್ಲಿ ಹೊರಡುವ ಮೊದಲೇ ಮಾಡಿಕೊಳ್ಳಿ.

ಕಾಲ, ಜಾಗ, ಕಾಗದಪತ್ರ

ದಕ್ಷಿಣದ ಕೌಂಟಿಗಳಲ್ಲಿ ಹ್ಯಾವಲೀನದ ಬೇಟೆಗೆ ವರ್ಷವಿಡೀ ಅವಕಾಶವಿದ್ದು, ಉತ್ತರ ವಲಯದ ಕೌಂಟಿಗಳಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿಯ ಕೊನೆಯ ಭಾನುವಾರದವರೆಗೆ ಮಾತ್ರ ಇರುತ್ತದೆ. ಉಳಿದ ಕಡೆ ಋತುವೇ ಇಲ್ಲ. ನನ್ನ ಸಲಹೆ ಫೆಬ್ರವರಿ. ಜಿಂಕೆಯ ಮುಖ್ಯ ಋತು ಜನವರಿಯಲ್ಲಿ ಮುಗಿದಿರುವುದರಿಂದ ರಾಂಚುಗಳು ತೆರವಾಗಿರುತ್ತವೆ, ಶುಲ್ಕವೂ ಇಳಿದಿರುತ್ತದೆ, ರ‍್ಯಾಟಲ್ ಹಾವುಗಳ ಓಡಾಟ ಬೇಸಿಗೆಗಿಂತ ಕಡಿಮೆ. ಇನ್ನೂ ಮುಖ್ಯವಾಗಿ, ಚಳಿಯ ಬೆಳಗಿನಲ್ಲಿ ಹ್ಯಾವಲೀನಗಳು ಮೈ ಕಾಯಿಸಿಕೊಳ್ಳಲು ಬಿಸಿಲು ಬೀಳುವ ಬಯಲಿಗೆ ಬರುವುದರಿಂದ ಹುಡುಕುವ ಕೆಲಸ ಹಗುರಾಗುತ್ತದೆ.

ಟೆಕ್ಸಸ್‌ನ ನೆಲದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಖಾಸಗಿಯದು. ಹಾಗಾಗಿ ಹೆಚ್ಚಿನ ತಂಡಗಳು ರಾಂಚ್ ಮಾಲೀಕರಿಗೆ ದಿನದ ಲೆಕ್ಕದಲ್ಲಿ ಹಣ ಕೊಟ್ಟು ಹೋಗುತ್ತವೆ. ಮಾತು ಮುಗಿಸುವ ಮೊದಲು ಇವನ್ನು ಬರಹದಲ್ಲಿ ಕೇಳಿ ಪಡೆಯಿರಿ: ಗಡಿಬೇಲಿಗಳನ್ನು ತೋರಿಸುವ ನಕ್ಷೆ, ಎಷ್ಟು ಹ್ಯಾವಲೀನಗಳಿಗೆ ಒಪ್ಪಿಗೆ ಇದೆ ಎಂಬುದು, ಅದೇ ದಿನಗಳಲ್ಲಿ ಬೇರೆ ಬೇಟೆಗಾರರು ಬಂದೂಕಿನೊಡನೆ ಅಲ್ಲಿರುತ್ತಾರೆಯೇ ಎಂಬುದು, ಗೇಟುಗಳ ಬೀಗದ ಸಂಖ್ಯೆ. ಗಾಯಗೊಂಡ ಪ್ರಾಣಿ ಪಕ್ಕದ ರಾಂಚಿಗೆ ದಾಟಿದರೆ ಆ ಮಾಲೀಕರ ಒಪ್ಪಿಗೆ ಇಲ್ಲದೆ ಬೇಲಿ ಹಾರುವುದು ಅತಿಕ್ರಮ ಪ್ರವೇಶವಾಗುತ್ತದೆ; ಆದ್ದರಿಂದ ನೆರೆಯವರ ದೂರವಾಣಿ ಸಂಖ್ಯೆಯನ್ನೂ ಕೇಳಿಟ್ಟುಕೊಳ್ಳಿ.

ಪರವಾನಗಿಯನ್ನು ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಜಾಲತಾಣದಲ್ಲಿಯೇ ಕೊಳ್ಳಬಹುದು. ರಾಜ್ಯದಲ್ಲಿ ಸತತವಾಗಿ ಆರು ತಿಂಗಳು ವಾಸವಿದ್ದವರಿಗೆ ಸ್ಥಳೀಯರ ದರ, ಅಂದರೆ 25 ಡಾಲರ್. ಹೊರರಾಜ್ಯದಿಂದ ಬರುವ ಗೆಳೆಯರಿಗೆ ಹ್ಯಾವಲೀನಕ್ಕೂ ಅನ್ವಯಿಸುವ ಐದು ದಿನಗಳ ವಿಶೇಷ ಪರವಾನಗಿ 48 ಡಾಲರಿಗೆ ದೊರೆಯುತ್ತದೆ. ದರಗಳು ಬದಲಾಗಬಹುದಾದ್ದರಿಂದ ಕೊಳ್ಳುವಾಗ ಒಮ್ಮೆ ನೋಡಿಕೊಳ್ಳಿ. 1971ರ ಸೆಪ್ಟೆಂಬರ್ 2 ಅಥವಾ ಆನಂತರ ಹುಟ್ಟಿದವರು ಬೇಟೆಗಾರರ ತರಬೇತಿಯನ್ನು ಪೂರೈಸಿರಬೇಕು. ಹಂದಿಗಷ್ಟೇ ಹೋಗುತ್ತೇನೆ ಎನ್ನುವವರೂ ಈ ತರಬೇತಿ ಮತ್ತು ಪರವಾನಗಿ ಎರಡನ್ನೂ ಪಡೆದೇ ಹೊರಡುವುದು ಒಳ್ಳೆಯದು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಎಚ್-1ಬಿ, ಎಫ್-1ರಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಮತ್ತು ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತವಾದ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಉಂಟು. ಬಿಲ್ಲು ಆ ಕಾನೂನಿನ ಪ್ರಕಾರ ಬಂದೂಕಲ್ಲವಾದ್ದರಿಂದ ಅದಕ್ಕೆ ಈ ತೊಡಕಿಲ್ಲ. ಆದರೆ ಹಂದಿಗೆ ಪರವಾನಗಿ ಬೇಡವೆಂದು ಹಾಗೆಯೇ ಬಂದವರು ಶಿಬಿರದಲ್ಲಿ ಗೆಳೆಯರೊಬ್ಬರ ಪಿಸ್ತೂಲನ್ನು ಕುತೂಹಲಕ್ಕೆ ಕೈಗೆತ್ತಿಕೊಂಡರೂ ಮುಂದೆ ಗ್ರೀನ್ ಕಾರ್ಡಿನ ದಾರಿಗೆ ಅದು ಅಡ್ಡ ಬರಬಹುದು. ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಿ, ಅಲ್ಲಿಯವರೆಗೆ ಮುಟ್ಟಬೇಡಿ. ಎರಡನೆಯದಾಗಿ, ಲರೇಡೊದ ಉತ್ತರಕ್ಕೆ ಐ-35ರಲ್ಲಿಯೂ ಈ ಸೀಮೆಯ ಇತರ ಹೆದ್ದಾರಿಗಳಲ್ಲಿಯೂ ಗಡಿ ಗಸ್ತಿನವರ ತಪಾಸಣಾ ಠಾಣೆಗಳಿವೆ. ಹಿಂದಿರುಗುವಾಗ ವಾಹನ ನಿಲ್ಲಿಸಿ ಪೌರತ್ವವನ್ನು ಕೇಳುತ್ತಾರೆ. ಪಾಸ್‌ಪೋರ್ಟ್, ಐ-94 ಅಥವಾ ಗ್ರೀನ್ ಕಾರ್ಡ್ ಮನೆಯಲ್ಲಿ ಭದ್ರವಾಗಿದ್ದರೆ ಸಾಲದು, ಜೇಬಿನಲ್ಲಿರಬೇಕು.

ಬಿಲ್ಲು ಮತ್ತು ಬಾಣ

ಹ್ಯಾವಲೀನಕ್ಕೆ 40 ಪೌಂಡಿನ ಸೆಳೆತದ ಬಿಲ್ಲು ಸಾಕು. ಹಂದಿಗೆ 50 ಪೌಂಡಿಗಿಂತ ಕಡಿಮೆ ಬೇಡವೆಂಬುದು ನನ್ನ ಅಭಿಪ್ರಾಯ. ಬಲಿತ ಗಂಡುಹಂದಿಯ ಹೆಗಲ ಮೇಲೆ ಚರ್ಮದಡಿಯಲ್ಲಿ ಗುರಾಣಿಯಂತಹ ಗಟ್ಟಿ ಪದರವೊಂದು ಬೆಳೆದಿರುತ್ತದೆ, ಅದು ಒಂದು ಅಂಗುಲವನ್ನು ಮೀರುವುದೂ ಉಂಟು. ಹಗುರ ಬಾಣ ಅದರಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ. 450 ಗ್ರೇನ್ (ಸುಮಾರು 29 ಗ್ರಾಂ) ಅಥವಾ ಅದಕ್ಕಿಂತ ಭಾರದ ಬಾಣಕ್ಕೆ, ತಗುಲಿದೊಡನೆ ಕತ್ತರಿಸುವ ಸ್ಥಿರ ಅಲಗಿನ ಬಾಣದ ತುದಿ, ಅಂದರೆ ಬ್ರಾಡ್‌ಹೆಡ್ ಹಾಕಿದರೆ ಅದು ಮೈಯನ್ನು ಹಾದು ಆಚೆ ಬರುವ ಸಂಭವ ಹೆಚ್ಚು. ಬೇಟೆಪ್ರಾಣಿಗಳಿಗೆ ಬಳಸುವ ಬ್ರಾಡ್‌ಹೆಡ್‌ಗೆ ಕನಿಷ್ಠ ಎರಡು ಕತ್ತರಿಸುವ ಅಂಚುಗಳೂ ಅಂಗುಲದ ಎಂಟರಲ್ಲಿ ಏಳು ಭಾಗ ಅಗಲವೂ ಇರಬೇಕೆಂದು ಟೆಕ್ಸಸ್‌ನ ನಿಯಮವಿದೆ.

ಅಭ್ಯಾಸವನ್ನು ಬೇಟೆಗೆ ಹಾಕಿಕೊಳ್ಳುವ ಬಟ್ಟೆಯಲ್ಲಿಯೇ, ಅದೇ ಬ್ರಾಡ್‌ಹೆಡ್‌ನಿಂದ, ಮಂಡಿಯೂರಿ ಮತ್ತು ಮೋಟುಕುರ್ಚಿಯ ಮೇಲೆ ಕುಳಿತು ಮಾಡಿ. ಹ್ಯಾವಲೀನದ ಶ್ವಾಸಕೋಶದ ಜಾಗ ಐದಾರು ಅಂಗುಲದ ವೃತ್ತಕ್ಕಿಂತ ದೊಡ್ಡದಲ್ಲ; ದಣಿದ ಸಂಜೆಯಲ್ಲಿ, ಮೊದಲ ಬಾಣದಲ್ಲಿಯೇ, ಆ ವೃತ್ತದೊಳಗೆ ಯಾವ ದೂರದಿಂದ ತಪ್ಪದೆ ಹೊಡೆಯಬಲ್ಲಿರೋ ಅದೇ ನಿಮ್ಮ ಮಿತಿ. ಹೆಚ್ಚಿನವರಿಗೆ ಅದು 20 ಗಜದ ಆಸುಪಾಸಿನಲ್ಲಿ ನಿಲ್ಲುತ್ತದೆ. ತಂಡದ ಪ್ರತಿಯೊಬ್ಬರೂ ತಮ್ಮ ಮಿತಿಯನ್ನು ಶಿಬಿರದಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿ ಇಟ್ಟುಕೊಳ್ಳಿ. ನಾಲ್ವರ ಎದುರು ಹೇಳಿದ ಅಳತೆಯನ್ನು ಮರುದಿನ ಮೀರುವುದು ಕಷ್ಟ.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ: ಮುಳ್ಳು ಹೊಗದ ದಪ್ಪ ಪ್ಯಾಂಟು, ಹಾವಿನ ಕಡಿತವನ್ನು ತಡೆಯುವ ಕಾಲುಗವಸು, ಮಂಡಿಕಾಪು. ಪಾಪಾಸುಕಳ್ಳಿಯ ಉದ್ದನೆಯ ಮುಳ್ಳನ್ನು ಇಕ್ಕಳದಿಂದ ಕಿತ್ತುಬಿಡಬಹುದು. ಅದರ ಬುಡದಲ್ಲಿ ಕಂದು ಧೂಳಿನಂತೆ ಕುಳಿತಿರುವ ಸಣ್ಣ ಮುಳ್ಳುಗಳೇ ಚರ್ಮದಲ್ಲಿ ಮುರಿದು ದಿನಗಟ್ಟಲೆ ಕಾಡುತ್ತವೆ. ಅಗಲವಾದ ಅಂಟುಪಟ್ಟಿಯನ್ನು ಒತ್ತಿ ಎಳೆದರೆ ಅವುಗಳಲ್ಲಿ ಬಹಳಷ್ಟು ಹೊರಬರುತ್ತವೆ.

ಶಿಬಿರದ ಕಟ್ಟುಪಾಡು

ನಾಲ್ಕರಿಂದ ಆರು ಜನರ ತಂಡ ಅನುಕೂಲ. ಒಬ್ಬರನ್ನು ಮುಂದಾಳುವಾಗಿ ಒಪ್ಪಿಕೊಳ್ಳಿ; ವಯಸ್ಸಿಗಿಂತ ಆ ಜಮೀನನ್ನು ಬಲ್ಲವರಾಗಿರುವುದು ಮುಖ್ಯ. ಪ್ರತಿ ರಾತ್ರಿ ನಕ್ಷೆಯ ಸುತ್ತ ಕುಳಿತು ಮರುದಿನ ಯಾರು ಯಾವ ಮರಸಿನಲ್ಲಿ (ಹೊಂಚಿ ಕೂರುವ ತಾಣದಲ್ಲಿ) ಕೂರುತ್ತಾರೆ, ಯಾರು ಯಾವ ತುಂಡಿನಲ್ಲಿ ನಡೆಯುತ್ತಾರೆ, ಯಾವ ದಿಕ್ಕಿಗೆ ಬಾಣ ಬಿಡಬಾರದು ಎಂಬುದನ್ನು ಗುರುತು ಹಾಕಿ ತೀರ್ಮಾನಿಸಿ. ಕೂರುವವರೂ ನಡೆಯುವವರೂ ಒಂದೇ ತುಂಡಿನಲ್ಲಿರಬಾರದು. ಗೊತ್ತುಮಾಡಿದ ಸಮಯಕ್ಕೆ ಮೊದಲು ಮರಸಿನಿಂದ ಇಳಿಯಬೇಕಾಗಿ ಬಂದರೆ ರೇಡಿಯೊದಲ್ಲಿ ತಿಳಿಸಿ, ಉತ್ತರ ಬಂದ ಮೇಲೆಯೇ ಹೊರಡಿ. ಮೆಳೆಯಲ್ಲಿ ಸದ್ದಾಯಿತೆಂದು ಬಾಣ ಬಿಡುವುದು, ದಿಬ್ಬದ ಅಂಚಿನಲ್ಲಿ ಆಕಾಶದ ಎದುರು ನಿಂತ ಪ್ರಾಣಿಗೆ ಬಾಣ ಬಿಡುವುದು, ಇವೆರಡೂ ಸರ್ವಥಾ ಕೂಡದು. ಆಚೆ ಏನಿದೆ ಎಂದು ಕಾಣದಿದ್ದರೆ ಅಲ್ಲಿ ಗೆಳೆಯನಿದ್ದಾನೆ ಎಂದೇ ತಿಳಿಯಬೇಕು. ಬಿಲ್ಲುಗಳನ್ನು ಪೆಟ್ಟಿಗೆಗೆ ಸೇರಿಸುವ ಮೊದಲು ಮದ್ಯ ಹೊರಬರಬಾರದು.

ಬಿಲ್ಲುಬೇಟೆಯಲ್ಲಿ ಗಾಯ ಮಾಡುವುದು ಮುಖ್ಯವಾಗಿ ಎರಡು, ಎತ್ತರದ ಮರಸಿನಿಂದ ಬೀಳುವುದು ಮತ್ತು ಸ್ವಂತ ಬ್ರಾಡ್‌ಹೆಡ್ ತಗುಲುವುದು. ಕ್ಷೌರದ ಅಲಗಿನಷ್ಟು ಹರಿತವಾದ ಬ್ರಾಡ್‌ಹೆಡ್ ತೊಡೆಯ ರಕ್ತನಾಳಕ್ಕೆ ತಗುಲಿದರೆ ಕೈಯಲ್ಲಿ ಉಳಿಯುವ ಸಮಯ ಕೆಲವೇ ನಿಮಿಷ, ಆಸ್ಪತ್ರೆ ಒಂದು ಗಂಟೆಯ ದೂರದಲ್ಲಿರಬಹುದು. ಅಲಗುಗಳನ್ನು ಪೂರ್ತಿ ಮುಚ್ಚುವ ಬತ್ತಳಿಕೆ, ಪ್ರತಿಯೊಬ್ಬರ ಬಳಿ ರಕ್ತ ತಡೆಯುವ ಟೂರ್ನಿಕೆ ಪಟ್ಟಿ, ಎತ್ತರದಲ್ಲಿ ಕೂರುವವರಿಗೆ ಹೆಗಲು, ಎದೆ, ತೊಡೆಗಳನ್ನೆಲ್ಲ ಬಿಗಿದು ಹಿಡಿಯುವ ಪೂರ್ಣದೇಹದ ಸುರಕ್ಷಾ ಹಾರ್ನೆಸ್ ಇವು ಇಲ್ಲದೆ ಹೊರಡಬೇಡಿ. 911ಕ್ಕೆ ಕರೆ ಮಾಡಿದಾಗ ಹೇಳಬೇಕಾದ ಗೇಟಿನ ಅಕ್ಷಾಂಶ ರೇಖಾಂಶಗಳನ್ನು ಕಾಗದದ ಮೇಲೆ ಬರೆದು ಪ್ರತಿ ವಾಹನದಲ್ಲಿಯೂ ಅಂಟಿಸಿ. ರಾಂಚಿನ ಗೇಟುಗಳನ್ನು ನೀವು ಬಂದಾಗ ಹೇಗಿದ್ದವೋ ಹಾಗೆಯೇ ಬಿಡಿ.

ಹೊಂಚು ಮತ್ತು ನಡಿಗೆ

ಎರಡೂ ಪ್ರಾಣಿಗಳ ದೃಷ್ಟಿ ಮಂದ, ಮೂಗು ಚುರುಕು. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಅವುಗಳತ್ತ ಬೀಸುತ್ತಿದ್ದರೆ ಉಳಿದ ಯಾವ ಜಾಣತನವೂ ಕೆಲಸಕ್ಕೆ ಬಾರದು. ಚಿಕ್ಕ ಸೀಸೆಯಲ್ಲಿ ಸಣ್ಣ ಪುಡಿ ಇಟ್ಟುಕೊಂಡು ಆಗಾಗ ತೂರಿ ನೋಡಿ. ಬೆಳಗಿನ ತಂಪಿನಲ್ಲಿ ತಗ್ಗಿನತ್ತ ಜಾರುವ ಗಾಳಿ ಬಿಸಿಲೇರಿದಂತೆ ದಿಕ್ಕು ಬದಲಿಸುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು ಮರಸನ್ನು ಆರಿಸಿ.

ಈ ಸೀಮೆಯ ರಾಂಚುಗಳಲ್ಲಿ ಮುಳ್ಳುಕಾಡನ್ನು ಸೀಳಿಕೊಂಡು ನೇರವಾಗಿ ಸಾಗುವ ಸೆಂಡೆರೊ ಎಂಬ ಸವರಿದ ದಾರಿಗಳಿರುತ್ತವೆ. ಅಲ್ಲಲ್ಲಿ ಹೊತ್ತಿಗೆ ಸರಿಯಾಗಿ ಜೋಳ ಚೆಲ್ಲುವ ಯಂತ್ರಗಳನ್ನು ನಿಲ್ಲಿಸಿರುತ್ತಾರೆ. ಮೊದಲ ದಿನ ಮಧ್ಯಾಹ್ನವನ್ನು ಪೂರ್ತಿ ಜಾಡು ನೋಡುವುದಕ್ಕೆ ಮೀಸಲಿಡಿ. ಹಂದಿ ಮೇದ ನೆಲ ನೇಗಿಲು ಹೊಡೆದಂತೆ ಬುಡಮೇಲಾಗಿರುತ್ತದೆ. ನೀರಿನ ಹತ್ತಿರ ಹೊರಳಾಡುವ ಕೆಸರುಗುಂಡಿಯೂ, ಅಲ್ಲಿಂದ ಹೊರಟ ದಾರಿಯ ಮೆಸ್ಕೀಟ್ ಬೊಡ್ಡೆಗಳಲ್ಲಿ ಮೈ ಉಜ್ಜಿದ ಮಣ್ಣೂ ಕಾಣುತ್ತವೆ. ಆ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿ: ಒದ್ದೆಯಾಗಿದ್ದರೆ ಹಿಂದಿನ ರಾತ್ರಿಯದು, ಪುಡಿಯಾಗಿ ಉದುರಿದರೆ ಹಳೆಯದು. ಮಣ್ಣು ಹತ್ತಿರುವ ಎತ್ತರದಿಂದ ಹಂದಿಯ ಗಾತ್ರವನ್ನೂ ಊಹಿಸಬಹುದು. ಹ್ಯಾವಲೀನದ ಗುರುತು ಕಳ್ಳಿಯ ಮೇಲೆ ಸಿಗುತ್ತದೆ. ಅದು ಪಾಪಾಸುಕಳ್ಳಿಯ ದಳವನ್ನು ಮುಳ್ಳಿನ ಸಮೇತ ಕಚ್ಚಿ ಎಳೆಯುವುದರಿಂದ ಉಳಿದ ಭಾಗದಲ್ಲಿ ನಾರುಗಳು ಹರಿದು ಜೋತಾಡುತ್ತಿರುತ್ತವೆ. ಹತ್ತಿರವೇ ಹಿಂಡು ಇದ್ದರೆ ಬೆನ್ನಿನ ಹಿಂಭಾಗದ ಗ್ರಂಥಿಯಿಂದ ಬರುವ ಘಾಟು ವಾಸನೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುತ್ತದೆ.

ಹಂದಿಗೆ ಮರಸು ಕೂರುವುದು ಉತ್ತಮ, ಹ್ಯಾವಲೀನಕ್ಕೆ ನಡೆದು ಹತ್ತಿರ ಸೇರುವುದು ಉತ್ತಮ. ಸೆಂಡೆರೊದ ಅಂಚಿನಲ್ಲಿ ದುರ್ಬೀನು ಹಿಡಿದು ಹಿಂಡನ್ನು ಕಂಡ ಮೇಲೆ, ಗಾಳಿಗೆದುರಾಗಿ ಸುತ್ತಿಕೊಂಡು, ಅವು ತಲೆ ತಗ್ಗಿಸಿ ಮೇಯುವಾಗ ಮಾತ್ರ ಹೆಜ್ಜೆ ಇಡಿ. ಇಬ್ಬರು ಒಟ್ಟಿಗೆ ಹೋಗಿ, ಒಬ್ಬರು ಬಿಲ್ಲು ಹಿಡಿಯಲಿ, ಇನ್ನೊಬ್ಬರು ಹಿಂಡಿನ ಉಳಿದ ಪ್ರಾಣಿಗಳ ಮೇಲೆ ಕಣ್ಣಿಡಲಿ. ಬೆದರಿದ ಹ್ಯಾವಲೀನಗಳು ದಿಕ್ಕು ತೋಚದೆ ನಾಲ್ಕೂ ಕಡೆಗೆ ಚದುರುತ್ತವೆ, ಹಲ್ಲು ಕಟಕಟಿಸುತ್ತ ಒಂದೆರಡು ನಿಮ್ಮತ್ತಲೇ ಓಡಿಬರಬಹುದು. ಅದು ಬಹುತೇಕ ದಾಳಿಯಲ್ಲ, ಮಂದದೃಷ್ಟಿಯ ಗಾಬರಿ. ಅಲುಗದೆ ನಿಂತರೆ ಪಕ್ಕದಿಂದ ಹಾದುಹೋಗುತ್ತವೆ.

ಹ್ಯಾವಲೀನ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕುತ್ತದೆ, ಸಾಮಾನ್ಯವಾಗಿ ಎರಡು. ಕೆಂಚು ಬಣ್ಣದ ಮರಿ ಹಿಂದೆ ಅಂಟಿಕೊಂಡಿರುವ ತಾಯಿಗೆ ಬಾಣ ಬಿಡುವುದನ್ನು ಯಾವ ನಿಯಮವೂ ತಡೆಯದಿದ್ದರೂ ನಮ್ಮ ತಂಡ ತಡೆಯಬೇಕು. ಹಿಂಡು ಪೂರ್ತಿ ಬಯಲಿಗೆ ಬರುವವರೆಗೆ ಕಾಯಿರಿ. ಮರಿಗಳು ಕೊನೆಗೆ ಕಾಣಿಸುವುದುಂಟು.

ಬಾಣ ಬಿಡುವ ಗಳಿಗೆ

ಜಿಂಕೆಗೆ ಗುರಿಯಿಟ್ಟು ರೂಢಿಯಾದವರು ಹಂದಿಗೂ ಹೆಗಲ ಹಿಂದೆ, ಮೈಯ ನಡುಮಟ್ಟಕ್ಕೆ ಗುರಿಯಿಡುತ್ತಾರೆ. ಬಾಣ ಹೊಟ್ಟೆಗೆ ಹೋಗುತ್ತದೆ. ಹಂದಿಯ ಹೃದಯ ಮತ್ತು ಶ್ವಾಸಕೋಶಗಳು ಮುಂದಕ್ಕೂ ಕೆಳಕ್ಕೂ ಇವೆ, ಹೃದಯವಂತೂ ಮುಂಗಾಲಿನ ಮೊಣಕೈಯ ಮಟ್ಟದಲ್ಲಿದೆ. ಪೂರ್ತಿ ಅಡ್ಡ ನಿಂತಿರುವಾಗ ಮುಂಗಾಲಿನ ಹಿಂದಿನ ಮಡಿಕೆಗೆ ತಾಗಿದಂತೆ, ಮೈಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಗುರಿಯಿಡಿ. ಎಲ್ಲಕ್ಕಿಂತ ಒಳ್ಳೆಯದು ಪ್ರಾಣಿ ಸ್ವಲ್ಪ ಆಚೆಗೆ ತಿರುಗಿ ನಿಂತ ಭಂಗಿ. ಆಗ ಬಾಣ ಗುರಾಣಿಯ ಹಿಂದಿನಿಂದ ಒಳಹೊಕ್ಕು ಎದುರಿನ ಮುಂಗಾಲಿನತ್ತ ಸಾಗುತ್ತದೆ. ಎದುರುಮುಖವಾಗಿರುವ ಪ್ರಾಣಿಗೂ ಓಡುತ್ತಿರುವ ಪ್ರಾಣಿಗೂ ಬಾಣವಿಲ್ಲ. ಹ್ಯಾವಲೀನ ಬೆನ್ನಿನ ಬಿರುಗೂದಲನ್ನು ನಿಮಿರಿಸಿದಾಗ ಇರುವುದಕ್ಕಿಂತ ಎತ್ತರವಾಗಿ ಕಾಣುವುದರಿಂದ ಕಣ್ಣು ತಾನಾಗಿಯೇ ಮೇಲಕ್ಕೆ ಗುರಿಯಿಡುತ್ತದೆ. ಅದಕ್ಕೂ ಕೆಳಗಿನ ಮೂರನೆಯ ಒಂದು ಭಾಗವೇ ಸರಿ. ಜೋಳದ ಸುತ್ತ ಹಿಂಡು ಒತ್ತಾಗಿ ನಿಂತಿದ್ದರೆ ಬಾಣ ಒಂದನ್ನು ಹಾದು ಹಿಂದಿನದನ್ನೂ ಗಾಯಗೊಳಿಸಬಹುದು, ಒಂಟಿಯಾಗುವವರೆಗೆ ತಡೆಯಿರಿ.

ಬಾಣ ಬಿಟ್ಟ ಮೇಲೆ ಅಲ್ಲಿಯೇ ಕುಳಿತು, ಪ್ರಾಣಿ ಕೊನೆಗೆ ಕಂಡ ಪೊದೆಯನ್ನು ಗುರುತಿಟ್ಟುಕೊಂಡು, ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಾಣ ಸಿಕ್ಕರೆ ಮೂಸಿ ನೋಡಿ. ನೊರೆಯುಳ್ಳ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಪ್ರಾಣಿ ಹತ್ತಿರವೇ ಬಿದ್ದಿರುತ್ತದೆ. ಹಸಿರು ಲೋಳೆ, ಕೊಳೆತ ಮೇವಿನ ನಾತ ಇದ್ದರೆ ಹೊಟ್ಟೆಗೆ ತಗುಲಿದೆ. ಆಗ ಕೆಲವು ಗಂಟೆಗಳ ಕಾಲ ಆ ಕಡೆ ಯಾರೂ ಹೋಗಬಾರದು, ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಓಡುತ್ತದೆ. ಹಂದಿಯ ಕೊಬ್ಬು ಗಾಯದ ಬಾಯಿಯನ್ನು ಮುಚ್ಚಿಬಿಡುವುದರಿಂದ ರಕ್ತದ ಜಾಡು ಬಹಳ ತೆಳು. ಪ್ರತಿ ಹನಿಯ ಬಳಿಯೂ ಕಾಗದದ ಚೂರು ಸಿಕ್ಕಿಸುತ್ತ ಹೋದರೆ ಹಿಂದಿರುಗಿ ನೋಡಿದಾಗ ಸಾಗಿದ ದಿಕ್ಕು ತಿಳಿಯುತ್ತದೆ. ಜಾಡು ಹಿಡಿಯಲು ಮೂವರು ಸಾಕು. ಗಾಯಗೊಂಡ ಗಂಡುಹಂದಿ ಮೆಳೆಯೊಳಗೆ ತಿರುಗಿ ನಿಲ್ಲುವುದುಂಟು, ಆದ್ದರಿಂದ ತೆವಳಿಕೊಂಡು ಒಳಗೆ ನುಗ್ಗಬೇಡಿ. ಕತ್ತಲಾದ ಮೇಲೆ ಹ್ಯಾವಲೀನಕ್ಕೆ ಎರಡನೆಯ ಬಾಣ ಬಿಡಲು ಕಾನೂನು ಒಪ್ಪದು. ಈ ಕಾರಣಕ್ಕೇ ಕೊನೆಯ ಬೆಳಕಿನ ಹತ್ತು ನಿಮಿಷಗಳಲ್ಲಿ ಅದಕ್ಕೆ ಬಾಣ ಬಿಡದಿರುವುದು ಲೇಸು.

ಮಾಂಸ

ಕಾಡುಬಿದ್ದ ಹಂದಿಗಳಲ್ಲಿ ಬ್ರುಸೆಲ್ಲೋಸಿಸ್ ರೋಗವಿರಬಹುದು, ಅದು ರಕ್ತದ ಮೂಲಕ ಮನುಷ್ಯರಿಗೂ ಹರಡುತ್ತದೆ. ಹೊಟ್ಟೆ ಸೀಳುವವರು ಕೈಗವಸು ಹಾಕಿ, ಕಣ್ಣಿಗೆ ಕನ್ನಡಕ ಧರಿಸಿರಬೇಕು. ಕೈಯಲ್ಲಿ ಕಳ್ಳಿಮುಳ್ಳಿನ ಗಾಯಗಳಿದ್ದರೆ ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಹಂದಿಯ ಕೊಬ್ಬು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ವಿಷದ ಮೇವು ತಿಂದಿದೆ ಎಂದು ಅರ್ಥ, ತಿನ್ನಬಾರದು. ಹ್ಯಾವಲೀನದ ಬೆನ್ನಿನ ಗ್ರಂಥಿ ಚರ್ಮದೊಡನೆಯೇ ಬರುತ್ತದೆ, ಅದನ್ನು ಬೇರೆಯಾಗಿ ಕೊಯ್ಯಲು ಹೋಗಿ ಒಡೆಯಬೇಡಿ. ಕೂದಲು ಮುಟ್ಟಿದ ಕೈಯಿಂದಲೋ ಚಾಕುವಿನಿಂದಲೋ ಮಾಂಸ ಮುಟ್ಟಿದರೆ ಆ ಘಾಟು ಇಳಿದುಬಿಡುತ್ತದೆ. ಒಬ್ಬರು ಚರ್ಮ ಹಿಡಿದರೆ ಇನ್ನೊಬ್ಬರು ಮಾಂಸ ಹಿಡಿಯುವಂತೆ ಕೆಲಸ ಹಂಚಿಕೊಳ್ಳಿ. ಹ್ಯಾವಲೀನ ತಿನ್ನಲು ಯೋಗ್ಯವಲ್ಲ ಎಂಬ ಮಾತು ಹುಟ್ಟಿದ್ದು ಈ ಎಚ್ಚರಿಕೆ ಇಲ್ಲದವರಿಂದಲೇ ಎಂದು ನನಗೆ ತೋರುತ್ತದೆ.

ಫೆಬ್ರವರಿಯಲ್ಲಿಯೂ ಮಧ್ಯಾಹ್ನದ ಬಿಸಿಲು 30 ಡಿಗ್ರಿ ಮುಟ್ಟಬಹುದು. ಪ್ರಾಣಿ ಸಿಕ್ಕ ಒಂದೆರಡು ಗಂಟೆಯೊಳಗೆ ಮಾಂಸ ಐಸ್ ಪೆಟ್ಟಿಗೆಯಲ್ಲಿರಲಿ, ಕರಗಿದ ನೀರು ಹರಿದುಹೋಗುವಂತೆ ಅದರ ಬಿರಡೆ ತೆಗೆದಿಡಿ. ಅಡುಗೆಯಲ್ಲಿ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪುವುದು ಕಡ್ಡಾಯ. ಕೊಡಗಿನ ಪಂದಿ ಕರಿಯಂತೆ ಹುರಿದು ಪುಡಿಮಾಡಿದ ಮಸಾಲೆಯಲ್ಲಿ ನಿಧಾನವಾಗಿ ಬೇಯಿಸಿ ಕೊನೆಗೆ ಕಾಚಂಪುಳಿ ಹಾಕುವ ಕ್ರಮ ಈ ಮಾಂಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಾಕಿದ ಹಂದಿಯಷ್ಟು ಕೊಬ್ಬು ಇದರಲ್ಲಿ ಇರುವುದಿಲ್ಲವಾದ್ದರಿಂದ ಸ್ವಲ್ಪ ಎಣ್ಣೆ ಸೇರಿಸಿ, ಬೇಯುವ ಸಮಯವನ್ನು ಹೆಚ್ಚಿಸಿ.

ಹೊರಡುವ ಮುನ್ನ ಎಷ್ಟು ಹಂದಿ, ಎಷ್ಟು ಹ್ಯಾವಲೀನ, ಎಲ್ಲಿ ಸಿಕ್ಕವು, ಗಾಯಗೊಂಡು ತಪ್ಪಿಸಿಕೊಂಡವು ಇದ್ದರೆ ಯಾವ ಕಡೆಗೆ ಹೋದವು ಎಂಬುದನ್ನು ರಾಂಚ್ ಮಾಲೀಕರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ತಂಡದಲ್ಲಿ ಮಾಂಸ ಹಂಚಿಕೊಳ್ಳುವಾಗ, ಹ್ಯಾವಲೀನದ ಪಾಲು ಪಡೆದವರ ಕೈಗೆ ಬೇಟೆಯಾಡಿದವರು ಒಂದು ಚೀಟಿ ಬರೆದು ಕೊಡಬೇಕು. ಅದರಲ್ಲಿ ಬೇಟೆಯಾಡಿದವರ ಹೆಸರು, ಸಹಿ, ವಿಳಾಸ, ಪರವಾನಗಿ ಸಂಖ್ಯೆ, ಪಡೆದವರ ಹೆಸರು, ಏನು ಎಷ್ಟು ಎಂಬ ವಿವರ, ಬೇಟೆಯ ದಿನಾಂಕ ಮತ್ತು ಸ್ಥಳ ಇರಬೇಕು. ಮಾಂಸ ಮನೆ ತಲುಪಿ ಅಂತಿಮವಾಗಿ ಸಿದ್ಧವಾಗುವವರೆಗೆ ಆ ಚೀಟಿ ಮಾಂಸದ ಜೊತೆಯಲ್ಲಿಯೇ ಇರಬೇಕು.